ಕಲ್ಲಿನೊಳಗಿನ ಸೂಜಿಗಲ್ಲು

ಜಡತ್ವಕ್ಕೆ ಕಲ್ಲನ್ನು ಉಪಮೆಯಾಗಿ ಹೇಳುವುದು ಲೋಕರೂಢಿ. ಕಂಡದ್ದನ್ನು ಕಾಣದಂತೆ, ಕೇಳಿದ್ದನ್ನು ಕೇಳದಂತೆ ಇರುವವನನ್ನು ಕಲ್ಲಿನಂಥವನೆಂದು ಜರೆಯುವುದುಂಟು. ಭೂವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಮಾತು ಕಲ್ಲಿಗೆ ಅನ್ಯಾಯವೆಸಗುತ್ತದೆ. ಕಲ್ಲಿನಷ್ಟು ದೀರ್ಘವಾದ ನೆನಪುಳ್ಳ ವಸ್ತು ಭೂಮಿಯ ಮೇಲೆ ಬೇರೊಂದಿಲ್ಲ.

ಮುಂಬಯಿಯ ಲೋಕಲ್ ರೈಲಿನ ಹಳಿಗಳ ಕೆಳಗೆ ಹಾಸಿದ ಕರಿಜಲ್ಲಿ, ಖಂಡಾಲಾ ಘಟ್ಟದ ಕಡಿದಾದ ಗೋಡೆ, ಎಲಿಫೆಂಟಾ ಗುಹೆಗಳನ್ನು ಕೊರೆದ ಬಂಡೆ, ವಿಜಯಪುರದ ಗೋಲಗುಮ್ಮಟಕ್ಕೆ ಬಳಸಿದ ಬೂದುಗಪ್ಪು ಕಲ್ಲು, ಇವೆಲ್ಲವೂ ಒಂದೇ ಮನೆತನಕ್ಕೆ ಸೇರಿದವು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಬಸಾಲ್ಟ್ ಶಿಲೆ ಇದು. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಈ ಶಿಲಾಸಮೂಹಕ್ಕೆ ದಖ್ಖನ್ ಟ್ರ್ಯಾಪ್ ಎಂದು ಹೆಸರು. ಮಹಾರಾಷ್ಟ್ರದ ಬಹುಭಾಗವನ್ನು ಆವರಿಸಿ, ಕರ್ನಾಟಕದ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳವರೆಗೆ ಅದು ಚಾಚಿಕೊಂಡಿದೆ. ಇಂದು ಉಳಿದಿರುವ ವಿಸ್ತಾರವೇ ಸುಮಾರು 5 ಲಕ್ಷ ಚದರ ಕಿಲೋಮೀಟರು.

ಈ ಕಲ್ಲನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಅದು ಒಂದು ವಿಚಿತ್ರ ಸಂಗತಿಯನ್ನು ತಿಳಿಸುತ್ತದೆ. ತಾನು ಹುಟ್ಟಿದ್ದು ಈಗಿರುವ ಅಕ್ಷಾಂಶದಲ್ಲಲ್ಲ, ಭೂಮಧ್ಯರೇಖೆಯ ಆಚೆಗೆ, ದಕ್ಷಿಣ ಗೋಲಾರ್ಧದಲ್ಲಿ ಎಂಬುದೇ ಆ ಸಂಗತಿ. ಕಲ್ಲು ಇದನ್ನು ಯಾವ ಭಾಷೆಯಲ್ಲಿ ಹೇಳುತ್ತದೆ? ಆ ಮಾತನ್ನು ನಂಬುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ, ಕಣ್ಣಿಗೆ ಕಾಣಿಸದಷ್ಟು ಚಿಕ್ಕದಾದ ಕೆಲವು ಖನಿಜಕಣಗಳಲ್ಲಿ ಅಡಗಿದೆ.

ಭೂಮಿಯೆಂಬ ಅಯಸ್ಕಾಂತ

ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು 1600ರಲ್ಲಿ ಪ್ರತಿಪಾದಿಸಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್. ಈ ಕಾಂತತ್ವದ ಮೂಲ ನೆಲದಿಂದ ಸುಮಾರು 2,900 ಕಿಲೋಮೀಟರು ಆಳದಲ್ಲಿ ಕುದಿದು ಹೊರಳುತ್ತಿರುವ ದ್ರವರೂಪದ ಕಬ್ಬಿಣದಲ್ಲಿದೆ ಎಂಬುದು ಅನಂತರದ ತಿಳಿವಳಿಕೆ.

ದಿಕ್ಸೂಚಿಯ ಮುಳ್ಳು ಉತ್ತರ ದಕ್ಷಿಣವಾಗಿ ನಿಲ್ಲುತ್ತದೆಂಬುದು ಎಲ್ಲರಿಗೂ ಗೊತ್ತು. ಅದೇ ಮುಳ್ಳನ್ನು ಮೇಲೆ ಕೆಳಗೂ ತೂಗಾಡುವಂತೆ ಸ್ವತಂತ್ರವಾಗಿ ನೇತುಹಾಕಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಮುಳ್ಳಿನ ಉತ್ತರದ ತುದಿ ನೆಲದ ಕಡೆಗೆ ಬಾಗುತ್ತದೆ. ದೆಹಲಿಯಲ್ಲಿ ಆ ಬಾಗು ಹೆಚ್ಚು. ಭಾರತದ ದಕ್ಷಿಣ ತುದಿಯ ಸಮೀಪ ಅದು ನೆಲಕ್ಕೆ ಸಮಾಂತರವಾಗಿ ನಿಲ್ಲುತ್ತದೆ. ದಕ್ಷಿಣ ಗೋಲಾರ್ಧದೊಳಗೆ ಹೋದಂತೆ ಉತ್ತರದ ತುದಿ ಆಕಾಶದತ್ತ ಏಳುತ್ತದೆ. ಹಲವು ಸಾವಿರ ವರ್ಷಗಳ ಸಣ್ಣಪುಟ್ಟ ಏರಿಳಿತಗಳನ್ನು ಸರಾಸರಿ ಮಾಡಿ ನೋಡಿದರೆ, ಈ ಬಾಗುಕೋನಕ್ಕೂ ಅಕ್ಷಾಂಶಕ್ಕೂ ಒಂದು ಸರಳ ಸಂಬಂಧವಿದೆ: ಬಾಗುಕೋನದ ಟ್ಯಾಂಜೆಂಟು ಅಕ್ಷಾಂಶದ ಟ್ಯಾಂಜೆಂಟಿನ ಎರಡರಷ್ಟು. ಆದುದರಿಂದ ಬಾಗುಕೋನವೊಂದು ತಿಳಿದರೆ ಅಕ್ಷಾಂಶವನ್ನು ಲೆಕ್ಕಹಾಕಬಹುದು.

ಮನುಷ್ಯನು ಉಪಕರಣಗಳಿಂದ ಅಳೆದಿಟ್ಟ ದಾಖಲೆ ಕೆಲವು ಶತಮಾನಗಳದ್ದು ಮಾತ್ರ. ಮುಂಬಯಿಯ ಕೊಲಾಬಾದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾದ ಕಾಂತಮಾಪನ ಕಾರ್ಯ, ನಗರಕ್ಕೆ ವಿದ್ಯುತ್ ಟ್ರಾಮುಗಳು ಬರುವ ಸೂಚನೆ ಕಂಡಾಗ ಅಲಿಬಾಗಿಗೆ ಸ್ಥಳಾಂತರಗೊಂಡು 1904ರಿಂದ ಅಲ್ಲಿ ನಡೆದುಬಂದಿದೆ. ಟ್ರಾಮಿನ ವಿದ್ಯುತ್ತು ಸೂಕ್ಷ್ಮವಾದ ಮುಳ್ಳುಗಳನ್ನು ಕದಲಿಸೀತೆಂಬುದೇ ಇದಕ್ಕೆ ಕಾರಣ. ಅಲಿಬಾಗಿನ ಕಟ್ಟಡಕ್ಕೆ ಸ್ಥಳೀಯ ಕರಿಕಲ್ಲನ್ನು ಬಿಟ್ಟು ಪೋರಬಂದರಿನ ಕಾಂತರಹಿತವಾದ ಕಲ್ಲನ್ನು ತರಿಸಲಾಯಿತು. ಕರಿಕಲ್ಲಿನೊಳಗೇ ಕಾಂತತ್ವವಿದ್ದರೆ ಅಳತೆ ಕೆಡದೆ ಉಳಿದೀತೆ? ವೀಕ್ಷಣಾಲಯ ದೂರವಿಟ್ಟ ಆ ಕಾಂತತ್ವವೇ ಮತ್ತೊಂದು ಶಾಸ್ತ್ರಕ್ಕೆ ಮೂಲದ್ರವ್ಯವಾಯಿತು.

ನೆನಪು ಬಿಗಿಯುವ ಬಗೆ

ಕಲ್ಲುಗಳಲ್ಲಿ ಕಾಂತತ್ವವನ್ನು ಹಿಡಿದಿಡುವ ಮುಖ್ಯ ಖನಿಜಗಳು ಎರಡು. ಒಂದು ಮ್ಯಾಗ್ನೆಟೈಟ್, ಕುದುರೆಮುಖದ ಗಣಿಯಲ್ಲಿ 2005ರ ಕೊನೆಯವರೆಗೆ ಅಗೆದು ತೆಗೆಯುತ್ತಿದ್ದ ಕಪ್ಪು ಅದಿರು ಇದೇ. ಇನ್ನೊಂದು ಹೆಮಟೈಟ್, ಬಳ್ಳಾರಿ ಸಂಡೂರುಗಳ ಕೆಂಪು ಅದಿರು. ಎರಡೂ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತಗಳು. ಹಿಂದಿನವರು ಸೂಜಿಗಲ್ಲು ಎಂದು ಕರೆದದ್ದು ಸ್ವಾಭಾವಿಕವಾಗಿ ಕಾಂತತ್ವ ಪಡೆದ ಮ್ಯಾಗ್ನೆಟೈಟನ್ನೇ. ಬಸಾಲ್ಟಿನಲ್ಲಿ ಇಂಥ ಖನಿಜಗಳು ಟೈಟೇನಿಯಂ ಬೆರೆತ ರೂಪದಲ್ಲಿ, ತೂಕದಲ್ಲಿ ನೂರಕ್ಕೆ ಕೆಲವೇ ಭಾಗದಷ್ಟು, ಸಣ್ಣ ಸಣ್ಣ ಕಣಗಳಾಗಿ ಚದುರಿರುತ್ತವೆ.

ಲಾವಾರಸವು ಹೊರಬರುವಾಗ ಅದರ ಉಷ್ಣತೆ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ಆ ಕಾವಿನಲ್ಲಿ ಯಾವ ಖನಿಜಕ್ಕೂ ಕಾಂತಸ್ಮೃತಿ ಇರದು. ಪ್ರತಿಯೊಂದು ಕಾಂತೀಯ ವಸ್ತುವಿಗೂ ಒಂದು ಮಿತಿ ಉಷ್ಣತೆಯುಂಟು. ಅದನ್ನು ಮೀರಿದರೆ ಪರಮಾಣುಗಳ ಪರಸ್ಪರ ಶಿಸ್ತು ಕಳೆದುಹೋಗುತ್ತದೆ. 1895ರಲ್ಲಿ ಇದನ್ನು ವ್ಯವಸ್ಥಿತವಾಗಿ ಅಭ್ಯಸಿಸಿದ ಪಿಯರ್ ಕ್ಯೂರಿಯ ನೆನಪಿಗಾಗಿ ಇದಕ್ಕೆ ಕ್ಯೂರಿ ಬಿಂದುವೆಂದು ಹೆಸರಿಟ್ಟಿದ್ದಾರೆ. ಮ್ಯಾಗ್ನೆಟೈಟಿನ ಮಿತಿ 580 ಡಿಗ್ರಿ. ಹೆಮಟೈಟಿನದು ಸುಮಾರು 675 ಡಿಗ್ರಿ. ಟೈಟೇನಿಯಂ ಹೆಚ್ಚಿದಷ್ಟೂ ಮಿತಿ ಕೆಳಗಿಳಿಯುತ್ತದೆ.

ಇಲ್ಲೊಂದು ತಪ್ಪು ಕಲ್ಪನೆಗೆ ಅವಕಾಶವಿದೆ. ದ್ರವದಲ್ಲಿ ತೇಲುವ ಕಣಗಳು ದಿಕ್ಸೂಚಿಯ ಮುಳ್ಳಿನಂತೆ ಹೊರಳಿ ಉತ್ತರಕ್ಕೆ ತಿರುಗಿ, ಆಮೇಲೆ ಕಲ್ಲು ಗಟ್ಟಿಯಾಗುತ್ತದೆಂದು ಭಾವಿಸುವುದು ಸಹಜ. ಲಾವಾದಲ್ಲಿ ಹಾಗಾಗುವುದಿಲ್ಲ. ಕಲ್ಲು ಗಟ್ಟಿಯಾಗುವುದು ಮೊದಲು; ಕಾಂತತ್ವ ಮೂಡುವುದು ಅದಕ್ಕಿಂತ ನೂರಾರು ಡಿಗ್ರಿ ತಣಿದ ಬಳಿಕ. ಕಣಗಳು ತಮ್ಮ ತಮ್ಮ ಜಾಗದಲ್ಲಿ ಹೇಗೆ ಹೂತಿದ್ದುವೋ ಹಾಗೆಯೇ ಇರುತ್ತವೆ. ತಿರುಗುವುದು ಕಣವಲ್ಲ, ಕಣದೊಳಗಿನ ಕಾಂತತ್ವದ ದಿಕ್ಕು.

ಹೀಗೆ ತಿರುಗಿದರೂ ಎಲ್ಲ ಕಣಗಳೂ ಒಂದೇ ಕಡೆಗೆ ನಿಲ್ಲುವುದಿಲ್ಲ. ಭೂಮಿಯ ಕಾಂತಕ್ಷೇತ್ರ ಬಹಳ ದುರ್ಬಲವಾದುದು. ಮಕ್ಕಳು ಆಡುವ ಸಾಧಾರಣ ಅಯಸ್ಕಾಂತ ಅದಕ್ಕಿಂತ ನೂರು ಮಡಿಗೂ ಮಿಗಿಲು. ದಾದರ್ ನಿಲ್ದಾಣದ ಸೇತುವೆಯ ಮೇಲೆ ಜನರು ನಾನಾ ದಿಕ್ಕಿಗೆ ಸಾಗುತ್ತಿದ್ದರೂ, ಕುಳಿತು ಎಣಿಸಿದರೆ ಬೆಳಗಿನ ಹೊತ್ತಿನಲ್ಲಿ ಒಂದು ಕಡೆಗೆ ಹೋಗುವವರು ತುಸು ಹೆಚ್ಚಾಗಿ ಕಾಣುವಂತೆ, ಕಲ್ಲಿನ ಅಸಂಖ್ಯ ಕಣಗಳಲ್ಲಿ ಭೂಮಿಯ ಉತ್ತರವನ್ನು ಒಪ್ಪಿದವು ಉಳಿದವುಗಳಿಗಿಂತ ಸ್ವಲ್ಪ ಹೆಚ್ಚು. ಆ ಸ್ವಲ್ಪವೇ ಕಲ್ಲಿನ ನೆನಪು.

ಗಾತ್ರದ ಗುಟ್ಟು

ತಣಿದ ಮೇಲೆ ಈ ನೆನಪು ಕೋಟ್ಯಂತರ ವರ್ಷ ಹೇಗೆ ಉಳಿಯುತ್ತದೆ? ಉಷ್ಣತೆಯಿಂದ ಪರಮಾಣುಗಳು ಸದಾ ಕಂಪಿಸುತ್ತಿರುವಾಗ ಅದೇಕೆ ಅಳಿಸಿಹೋಗುವುದಿಲ್ಲ? ಈ ಪ್ರಶ್ನೆಗೆ 1949ರಲ್ಲಿ ಸಮರ್ಪಕ ಉತ್ತರವಿತ್ತವನು ಫ್ರಾನ್ಸಿನ ಲೂಯಿ ನೇಲ್. ಕಾಂತತ್ವದ ಕುರಿತ ಸಂಶೋಧನೆಗಾಗಿ 1970ರಲ್ಲಿ ಅವನಿಗೆ ಭೌತವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು.

ನೇಲ್‌ನ ಸಿದ್ಧಾಂತದ ತಿರುಳು ಹೀಗಿದೆ. ಬಹಳ ಚಿಕ್ಕ ಕಣದಲ್ಲಿ ಕಾಂತತ್ವವೆಲ್ಲ ಒಂದೇ ದಿಕ್ಕಿನಲ್ಲಿರುತ್ತದೆ. ಅದು ಒಂದು ದಿಕ್ಕಿನಿಂದ ಎದುರು ದಿಕ್ಕಿಗೆ ಮಗುಚಬೇಕಾದರೆ ಶಕ್ತಿಯ ಒಂದು ದಿಣ್ಣೆಯನ್ನು ದಾಟಬೇಕು. ಆ ದಿಣ್ಣೆಯ ಎತ್ತರ ಕಣದ ಗಾತ್ರವನ್ನು ಅನುಸರಿಸುತ್ತದೆ. ಉಷ್ಣದ ಕಂಪನ ಕಣವನ್ನು ಸದಾ ಆ ದಿಣ್ಣೆಯತ್ತ ತಳ್ಳುತ್ತಿರುತ್ತದೆ. ದಿಣ್ಣೆ ತಗ್ಗಾಗಿದ್ದರೆ ಕಾಂತತ್ವ ಕ್ಷಣಕ್ಷಣಕ್ಕೂ ಮಗುಚುತ್ತದೆ. ತುಸು ಎತ್ತರವಾದರೆ ಮಗುಚಲು ಬೇಕಾಗುವ ಕಾಲ ಊಹೆಗೂ ಮೀರಿ ಬೆಳೆಯುತ್ತದೆ.

ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ಸಾಧಾರಣ ಉಷ್ಣತೆಯಲ್ಲಿ 100 ಸೆಕೆಂಡುಗಳ ಕಾಲ ಮಾತ್ರ ದಿಕ್ಕನ್ನು ನೆನಪಿಡಬಲ್ಲ ಕಣವೊಂದಿದೆಯೆಂದು ಭಾವಿಸೋಣ. ಅದೇ ಬಗೆಯ, ಅಡ್ಡಳತೆಯಲ್ಲಿ ಅದಕ್ಕಿಂತ ಮೂರನೆಯ ಒಂದು ಪಾಲು ಮಾತ್ರ ದೊಡ್ಡದಾದ ಇನ್ನೊಂದು ಕಣದ ನೆನಪು ಎಷ್ಟು ಕಾಲ ಬಾಳುತ್ತದೆ? ಸುಮಾರು 450 ಕೋಟಿ ವರ್ಷ, ಎಂದರೆ ಭೂಮಿಯ ವಯಸ್ಸಿನಷ್ಟು! ಎರಡು ನಿಮಿಷದೊಳಗೆ ಮರೆಯುವ ಕಣಕ್ಕೂ ಎಂದಿಗೂ ಮರೆಯದ ಕಣಕ್ಕೂ ಇರುವ ಅಂತರ ಇಷ್ಟು ಕಿರಿದು.

ಹಾಗಾದರೆ ಕಣ ದೊಡ್ಡದಾದಷ್ಟೂ ಒಳ್ಳೆಯದೆ? ಅದೂ ಅಲ್ಲ. ಒಂದು ಮಿತಿಯನ್ನು ದಾಟಿದ ಕಣ ತನ್ನೊಳಗೇ ಹಲವು ವಲಯಗಳಾಗಿ ಒಡೆದುಕೊಳ್ಳುತ್ತದೆ. ಒಂದೊಂದು ವಲಯದ ಕಾಂತತ್ವ ಒಂದೊಂದು ದಿಕ್ಕಿಗಿರುತ್ತದೆ. ಅವುಗಳ ನಡುವಣ ಗಡಿಗಳು ಕೋಣೆಯೊಳಗೆ ಸರಿಸಿ ಇಡಬಹುದಾದ ಮರದ ತೆರೆಗಳಂತೆ ಸುಲಭವಾಗಿ ಜರುಗುತ್ತವೆ. ಸಣ್ಣ ಕಾಂತಕ್ಷೇತ್ರವೂ ಅವುಗಳನ್ನು ಕದಲಿಸಬಲ್ಲುದು. ಇಂಥ ಹಿರಿಯ ಕಣಗಳ ಸಾಕ್ಷ್ಯ ನೆಚ್ಚತಕ್ಕದ್ದಲ್ಲ.

ಮ್ಯಾಗ್ನೆಟೈಟಿನಲ್ಲಿ ಒಂದೇ ವಲಯವುಳ್ಳ, ದೃಢವಾದ ನೆನಪಿನ ಕಣಗಳ ಅಡ್ಡಳತೆ ಸುಮಾರು 30ರಿಂದ 80 ನ್ಯಾನೋಮೀಟರು. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ತಲೆಗೂದಲ ಅಗಲದಲ್ಲಿ ಇಂಥ ಕಣಗಳನ್ನು ಸಾಲಾಗಿ ಇಡುವುದಾದರೆ ಸಾವಿರದಷ್ಟನ್ನು ಇಡಬಹುದು. ಇವಕ್ಕಿಂತ ಸ್ವಲ್ಪ ದೊಡ್ಡ ಕಣಗಳಲ್ಲಿ ಕಾಂತತ್ವವು ನೀರಿನ ಸುಳಿಯಂತೆ ಸುತ್ತಿಕೊಂಡಿರುತ್ತದೆಂದೂ, ಅಂಥ ಹಲವು ಕಣಗಳು ಕೂಡ ಕೋಟ್ಯಂತರ ವರ್ಷ ದಿಕ್ಕನ್ನು ಕಾಪಾಡಬಲ್ಲವೆಂದೂ ಇತ್ತೀಚಿನ ಗಣನೆಗಳು ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪ್ರಯೋಗಗಳು ತೋರಿಸಿವೆ. ಸಹಜವಾದ ಕಲ್ಲುಗಳಲ್ಲಿ ಈ ಗಾತ್ರದ ಕಣಗಳೇ ಹೇರಳವಾಗಿರುವುದರಿಂದ ಇದು ಮಹತ್ವದ ತಿಳಿವಳಿಕೆ. ದೊಡ್ಡ ಕಣಗಳಿಗೂ ಕೆಲವೊಮ್ಮೆ ಉದ್ಧಾರದ ದಾರಿಯುಂಟು. ಲಾವಾ ತಣಿಯುವಾಗ ಆಮ್ಲಜನಕದ ಪ್ರಭಾವದಿಂದ ಟೈಟೇನಿಯಂ ಬೆರೆತ ಹಿರಿಯ ಕಣದೊಳಗೆ ತೆಳುವಾದ ಹಾಳೆಗಳು ಮೂಡಿ, ಅವುಗಳ ನಡುವೆ ಶುದ್ಧ ಮ್ಯಾಗ್ನೆಟೈಟಿನ ಚಿಕ್ಕ ಚಿಕ್ಕ ತುಣುಕುಗಳು ಉಳಿಯುತ್ತವೆ. ಈ ತುಣುಕುಗಳ ನೆನಪು ಮೊದಲಿನ ಕಣದ ನೆನಪಿಗಿಂತ ಗಟ್ಟಿ.

ಈ ಗಾತ್ರದ ಗುಟ್ಟನ್ನು ವಿಜ್ಞಾನಿಗಳಿಗಿಂತ ಮೊದಲೇ ಬಳಸಿಕೊಂಡ ಜೀವಿಗಳೂ ಇವೆ. ಕೆಸರಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ದೇಹದೊಳಗೆ ಮ್ಯಾಗ್ನೆಟೈಟಿನ ಹರಳುಗಳನ್ನು ಬೆಳೆಸಿ, ಮಣಿಸರದಂತೆ ಪೋಣಿಸಿಕೊಂಡು, ಕಾಂತರೇಖೆಗಳನ್ನು ಅನುಸರಿಸಿ ಈಜುತ್ತವೆ. ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಇವುಗಳ ವಿವರವನ್ನು 1975ರಲ್ಲಿ ಪ್ರಕಟಿಸಿದ. ಆ ಹರಳುಗಳು ಬಹುತೇಕ ಒಂದೇ ವಲಯದ ಮಿತಿಯೊಳಗೇ ಇರುತ್ತವೆ. ಜೀವಿ ಸತ್ತ ಮೇಲೆ ಅವು ಕೆಸರಿನಲ್ಲಿ ಉಳಿದು, ಮುಂದೆ ಶಿಲೆಯ ನೆನಪಿನ ಭಾಗವಾಗುತ್ತವೆ.

ಸಾಕ್ಷಿಗೆ ಪಾಟೀಸವಾಲು

ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನು ಪರೀಕ್ಷಿಸದೆ ಸ್ವೀಕರಿಸುವುದಿಲ್ಲ. ಕಲ್ಲಿನ ವಿಷಯದಲ್ಲಿಯೂ ಹಾಗೆಯೇ. ಕೋಟ್ಯಂತರ ವರ್ಷಗಳಲ್ಲಿ ಕಲ್ಲಿನ ಮೇಲೆ ಬೇರೆ ಬೇರೆ ನೆನಪುಗಳು ಬಂದು ಕೂಡುತ್ತವೆ. ದುರ್ಬಲವಾದ ಕಣಗಳು ಇಂದಿನ ಭೂಕಾಂತದ ದಿಕ್ಕಿಗೆ ಒಲಿದಿರುತ್ತವೆ. ಬೆಟ್ಟದ ನೆತ್ತಿಯ ಬಂಡೆಗೆ ಸಿಡಿಲು ಹೊಡೆದಿದ್ದರೆ ಆ ಒಂದು ಕ್ಷಣದ ಪ್ರಬಲ ವಿದ್ಯುತ್ತು ಹಳೆಯ ಲಿಪಿಯ ಮೇಲೆ ಹೊಸದನ್ನು ಗೀಚಿಬಿಡುತ್ತದೆ.

ಆದುದರಿಂದ ಸಂಶೋಧಕರು ಒಂದು ಕ್ರಮವನ್ನು ಅನುಸರಿಸುತ್ತಾರೆ. ಬಂಡೆಯಿಂದ ಸುಮಾರು 2.5 ಸೆಂಟಿಮೀಟರು ಅಡ್ಡಳತೆಯ ಉರುಳೆಗಳನ್ನು ಕೊರೆದು, ಅದು ಬಂಡೆಯಲ್ಲಿದ್ದ ದಿಕ್ಕನ್ನೂ ಓರೆಯನ್ನೂ ಗುರುತುಹಾಕಿಕೊಳ್ಳುತ್ತಾರೆ. ಬಂಡೆಯ ಕಾಂತತ್ವವೇ ದಿಕ್ಸೂಚಿಯನ್ನು ಮೋಸಗೊಳಿಸಬಹುದಾದ್ದರಿಂದ ಸೂರ್ಯನ ನೆರಳಿನಿಂದ ದಿಕ್ಕನ್ನು ತಿಳಿಯುವುದೂ ಉಂಟು. ಪ್ರಯೋಗಶಾಲೆಯಲ್ಲಿ ಬಾಹ್ಯ ಕಾಂತಕ್ಷೇತ್ರವನ್ನು ತೊಡೆದುಹಾಕಿದ ಕುಲುಮೆಯಲ್ಲಿ ಉರುಳೆಯನ್ನು 100, 200, 300 ಡಿಗ್ರಿ ಹೀಗೆ ಹಂತ ಹಂತವಾಗಿ ಕಾಯಿಸಿ ಆರಿಸುತ್ತಾರೆ. ಪ್ರತಿ ಹಂತದಲ್ಲಿಯೂ ದುರ್ಬಲ ಕಣಗಳ ನೆನಪು ಅಳಿಯುತ್ತದೆ. ಕೊನೆಯವರೆಗೆ ಬದಲಾಗದೆ ನಿಲ್ಲುವ ದಿಕ್ಕೇ ಕಲ್ಲು ಹುಟ್ಟಿದ ಕಾಲದ್ದು.

ಇಷ್ಟು ಸಾಲದೆಂದು, ಅಮೆರಿಕದ ಜಾನ್ ಗ್ರಹಾಂ 1949ರಲ್ಲಿ ಇನ್ನೊಂದು ಬಗೆಯ ಪರೀಕ್ಷೆಗಳನ್ನು ಸೂಚಿಸಿದ. ಹಳೆಯ ಬಂಡೆ ಒಡೆದು ಉಂಡೆಗಲ್ಲುಗಳಾಗಿ ಉರುಳಿ ಮತ್ತೊಂದು ಪದರದಲ್ಲಿ ಸೇರಿಕೊಂಡಿದ್ದರೆ, ಆ ಉಂಡೆಗಳ ದಿಕ್ಕುಗಳು ಚೆಲ್ಲಾಪಿಲ್ಲಿಯಾಗಿರಬೇಕು. ಎಲ್ಲವೂ ಒಂದೇ ಕಡೆಗಿದ್ದರೆ ಆ ನೆನಪು ಆಮೇಲೆ ಬಂದದ್ದೆಂದು ತಿಳಿಯಬೇಕು.

ಪರೀಕ್ಷೆಗಳ ಅಗತ್ಯವನ್ನು ಹೆಚ್ಚಿಸಿದ್ದು ಒಂದು ದೊಡ್ಡ ಒಗಟು. 1906ರಲ್ಲಿ ಫ್ರಾನ್ಸಿನ ಬೆರ್ನಾರ್ ಬ್ರೂನ್, ಲಾವಾದ ಕಾವಿನಿಂದ ಬೆಂದ ಜೇಡಿಮಣ್ಣೂ ಅದರ ಮೇಲಿನ ಲಾವಾವೂ ಇಂದಿನದಕ್ಕೆ ಸರಿಯಾಗಿ ಎದುರು ದಿಕ್ಕಿನ ಕಾಂತತ್ವವನ್ನು ತೋರಿಸುವುದನ್ನು ಕಂಡ. 1929ರಲ್ಲಿ ಜಪಾನಿನ ಮೊಟೊನೋರಿ ಮತುಯಾಮ, ಇಂಥ ತಲೆಕೆಳಗಾದ ಕಲ್ಲುಗಳು ಒಂದು ನಿರ್ದಿಷ್ಟ ಕಾಲಕ್ಕೆ ಸೇರಿದವೆಂದು ತೋರಿಸಿದ. ಭೂಮಿಯ ಉತ್ತರ ದಕ್ಷಿಣ ಧ್ರುವಗಳೇ ಹಿಂದೆ ಅದಲುಬದಲಾಗಿದ್ದುವೆ? ಅಥವಾ ಸಾಕ್ಷಿಯೇ ಸುಳ್ಳು ಹೇಳುತ್ತಿದೆಯೆ? ತಣಿಯುವಾಗ ತಾನಾಗಿಯೇ ಎದುರು ದಿಕ್ಕಿನ ಕಾಂತತ್ವ ಪಡೆಯುವ ಕಲ್ಲೊಂದು ಜಪಾನಿನ ಹರುನಾ ಎಂಬಲ್ಲಿ 1950ರ ದಶಕದ ಆರಂಭದಲ್ಲಿ ಸಿಕ್ಕಿದ್ದರಿಂದ ಸಂಶಯ ಬಲವಾಯಿತು. 1960ರ ದಶಕದಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯದ ಸಂಶೋಧಕರು ಬೇರೆ ಬೇರೆ ಭೂಭಾಗಗಳ ಲಾವಾಗಳ ವಯಸ್ಸನ್ನು ವಿಕಿರಣ ಪದ್ಧತಿಯಿಂದ ನಿರ್ಣಯಿಸಿದಾಗ, ಒಂದೇ ವಯಸ್ಸಿನ ಕಲ್ಲುಗಳು ಎಲ್ಲಿದ್ದರೂ ಒಂದೇ ಮಾತನ್ನು ಆಡುವುದು ಸ್ಪಷ್ಟವಾಯಿತು. ಹರುನಾದ ಕಲ್ಲು ಅಪವಾದವೇ ಸರಿ. ತಲೆಕೆಳಗಾದದ್ದು ಭೂಮಿಯ ಕಾಂತಕ್ಷೇತ್ರವೇ. ಕೊನೆಯ ಸಲ ಅದು ಪೂರ್ಣವಾಗಿ ಮಗುಚಿದ್ದು ಸುಮಾರು 7 ಲಕ್ಷ 70 ಸಾವಿರ ವರ್ಷಗಳ ಹಿಂದೆ.

ದಖ್ಖನ್ ಕಲ್ಲಿನ ಹೇಳಿಕೆ

ಭೂಖಂಡಗಳು ಚಲಿಸುತ್ತವೆಂಬ ಆಲ್ಫ್ರೆಡ್ ವೆಗೆನರನ ವಾದವನ್ನು 1950ರ ಸುಮಾರಿಗೆ ಹೆಚ್ಚಿನ ಭೂವಿಜ್ಞಾನಿಗಳು ಒಪ್ಪಿರಲಿಲ್ಲ. ಆ ವಾದ ನಿಜವಾಗಿದ್ದರೆ ಅತಿ ದೂರ ಸರಿದ ಭೂಭಾಗಗಳಲ್ಲಿ ಭಾರತವೂ ಒಂದಾಗಿರಬೇಕು. ಹೀಗಾಗಿ ದಖ್ಖನ್ ಕಲ್ಲು ಆ ವಿವಾದದ ಮುಖ್ಯ ಸಾಕ್ಷಿಯಾಯಿತು. ಲಂಡನ್ನಿನಲ್ಲಿ ಬ್ಲ್ಯಾಕೆಟ್ ಕಟ್ಟಿದ ಸಂಶೋಧಕರ ತಂಡದ ಕ್ಲೆಗ್ ಮತ್ತು ಡಾಯ್ಚ್, ಗ್ರಿಫಿತ್ಸನೊಡನೆ ಸೇರಿ, ಭಾರತದ ಕಲ್ಲುಗಳ ಕಾಂತತ್ವವನ್ನು ಕುರಿತ ಪ್ರಬಂಧವನ್ನು 1956ರಲ್ಲಿ ಪ್ರಕಟಿಸಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣಮೂರ್ತಿ, ಸಹಸ್ರಬುದ್ಧೆ ಮೊದಲಾದವರು ಆ ಕಾರ್ಯವನ್ನು ಮುಂದುವರಿಸಿದರು.

ಅವರು ಕಂಡದ್ದು ಹೀಗಿದೆ. ಸಹ್ಯಾದ್ರಿಯ ಮೇಲಿನ ಪದರಗಳ ಕಾಂತತ್ವ ಸುಮಾರಾಗಿ ಉತ್ತರಕ್ಕೆ, ಆದರೆ ಆಕಾಶದ ಕಡೆಗೆ ಏರಿದಂತಿದೆ. ಕೆಳಗಿನ ಪದರಗಳಲ್ಲಿ ಅದು ದಕ್ಷಿಣಕ್ಕೆ, ನೆಲದ ಕಡೆಗೆ ಇಳಿದಿದೆ. ಆಗ ಧ್ರುವಗಳು ಅದಲುಬದಲಾಗಿದ್ದುವೆಂದು ಇದರ ಅರ್ಥ. ಎರಡರಲ್ಲಿಯೂ ಬಾಗುಕೋನ ಸುಮಾರು 48 ಡಿಗ್ರಿ. ಹಿಂದೆ ಹೇಳಿದ ಸೂತ್ರವನ್ನು ಬಳಸಿದರೆ ಇದು ಸುಮಾರು 29 ಡಿಗ್ರಿ ದಕ್ಷಿಣ ಅಕ್ಷಾಂಶ. ಮುಂಬಯಿ ಇಂದು ಇರುವುದು 19 ಡಿಗ್ರಿ ಉತ್ತರದಲ್ಲಿ. ಅಂತರ 48 ಡಿಗ್ರಿ, ಎಂದರೆ ಸುಮಾರು 5,300 ಕಿಲೋಮೀಟರು. ಇದನ್ನು 6 ಕೋಟಿ 60 ಲಕ್ಷ ವರ್ಷಗಳಿಗೆ ಹಂಚಿದರೆ ಸರಾಸರಿ ವರ್ಷಕ್ಕೆ 8 ಸೆಂಟಿಮೀಟರು. ವೇಗ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ಏಷ್ಯಾಖಂಡಕ್ಕೆ ಡಿಕ್ಕಿ ಹೊಡೆದು ಹಿಮಾಲಯವನ್ನು ಎತ್ತಿದ ಮೇಲೆ ಅದು ಬಹಳ ತಗ್ಗಿತು. ಕಲ್ಲಿನ ಉತ್ತರ ಇಂದಿನ ಉತ್ತರದಿಂದ ಪಶ್ಚಿಮಕ್ಕೆ ಸುಮಾರು 25 ಡಿಗ್ರಿ ಸರಿದಿದೆ. ಪ್ರಯಾಣದಲ್ಲಿ ಭೂಭಾಗ ಅಷ್ಟು ಎಡಕ್ಕೆ ತಿರುಗಿತೆಂದು ಇದರಿಂದ ತಿಳಿಯುತ್ತದೆ. ಈ ಸಾಕ್ಷಿಗೆ ಒಂದು ಮಿತಿಯೂ ಇದೆ: ಅದು ಅಕ್ಷಾಂಶವನ್ನು ಹೇಳೀತು, ರೇಖಾಂಶವನ್ನು ಹೇಳಲಾರದು.

ಆ ಕೊರತೆಯನ್ನು ತುಂಬಿದ್ದು ಸಾಗರತಳ. ಅರಬ್ಬೀ ಸಮುದ್ರದಾಚೆ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಏಣಿನ ಮೇಲೆ 1962ರಲ್ಲಿ ಮಾಡಿದ ಕಾಂತಮಾಪನಗಳನ್ನು ಆಧರಿಸಿ, ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಒಂದು ವಿವರಣೆಯನ್ನಿತ್ತರು. ಏಣಿನ ಬಿರುಕಿನಿಂದ ಹೊಸ ಬಸಾಲ್ಟ್ ಹೊರಬಂದು ಎರಡೂ ಬದಿಗೆ ಸರಿಯುತ್ತಿರುವಾಗ, ಧ್ರುವಗಳು ಮಗುಚಿದಂತೆಲ್ಲ ಅದರ ಮೇಲೆ ನೇರ ಮತ್ತು ವಿಪರೀತ ಕಾಂತತ್ವದ ಪಟ್ಟೆಗಳು ಮೂಡುತ್ತವೆ. ಆ ಪಟ್ಟೆಗಳನ್ನು ಎಣಿಸಿ ಭಾರತವು ಆಫ್ರಿಕದಿಂದ ದೂರ ಸರಿದ ದಾರಿಯನ್ನು ಗುರುತಿಸಲು ಸಾಧ್ಯವಾಯಿತು.

ದಖ್ಖನ್ ಕಲ್ಲು ಇನ್ನೊಂದು ಪ್ರಶ್ನೆಗೂ ಸಾಕ್ಷಿ ನುಡಿದಿದೆ. ಎರಡು ಕಿಲೋಮೀಟರಿಗೂ ಮಿಕ್ಕ ದಪ್ಪದ ಈ ಲಾವಾರಾಶಿ ಎಷ್ಟು ಕಾಲದಲ್ಲಿ ಹರಿಯಿತು? ಸಹ್ಯಾದ್ರಿಯ ಪದರಗಳ ಬಹುಭಾಗ ಒಂದೇ ವಿಪರೀತ ಅವಧಿಗೂ ಅದರ ಮುಂದಿನ ನೇರ ಅವಧಿಗೂ ಸೇರಿರುವುದರಿಂದ, ಅದು ಭೂಕಾಲದ ಲೆಕ್ಕದಲ್ಲಿ ಅತಿ ಶೀಘ್ರವಾಗಿ ಹರಿದಿರಬೇಕೆಂದು ಫ್ರಾನ್ಸಿನ ಕೂರ್ತಿಯೋ ಮತ್ತು ಸಂಗಡಿಗರು 1986ರಲ್ಲಿ ವಾದಿಸಿದರು. ಅನಂತರದ ನಿಖರವಾದ ವಯೋನಿರ್ಣಯಗಳು ಮುಖ್ಯ ಲಾವಾಪ್ರವಾಹ ಸುಮಾರು 10 ಲಕ್ಷ ವರ್ಷಗಳೊಳಗೆ ಮುಗಿಯಿತೆಂದು ತೋರಿಸಿವೆ. ಡೈನೋಸಾರುಗಳು ಅಳಿದ ಗಡಿಯೂ ಅದೇ ವಿಪರೀತ ಅವಧಿಯೊಳಗೇ ಬೀಳುತ್ತದೆ. ಆ ಅಳಿವಿನಲ್ಲಿ ಮೆಕ್ಸಿಕೋದಲ್ಲಿ ಅಪ್ಪಳಿಸಿದ ಕ್ಷುದ್ರಗ್ರಹದ ಪಾಲೆಷ್ಟು, ಈ ಲಾವಾದ ಪಾಲೆಷ್ಟು ಎಂಬ ಚರ್ಚೆ ನಡೆದೇ ಇದೆ.

ಉಪಸಂಹಾರ

ಇದೇ ಬಸಾಲ್ಟ್ ಮಳೆ ಬಿಸಿಲುಗಳಿಗೆ ಸಿಕ್ಕು ಕೊಳೆತು, ಬೀದರ್ ಮತ್ತು ಬೆಳಗಾವಿಯ ಕಡೆ ಕೆಂಪಾದ ಮುರಕಲ್ಲಾಗಿ ಮಾರ್ಪಟ್ಟಿದೆ. ಮಾರ್ಪಾಡಿನಲ್ಲಿ ಹಳೆಯ ಕಣಗಳು ನಾಶವಾಗಿ ಹೆಮಟೈಟಿನ ಹೊಸ ಕಣಗಳು ಹುಟ್ಟಿದುವು. ಅವು ನೆನಪಿಡುವುದು ಲಾವಾ ಹರಿದ ಕಾಲವನ್ನಲ್ಲ, ಮುರಕಲ್ಲಾದ ಕಾಲವನ್ನು. ಕಣ ಹೊಸದಾದರೆ ನೆನಪೂ ಹೊಸದು ಎಂಬುದನ್ನು ಮರೆತು ಓದಿದರೆ ಕಲ್ಲಿನ ಲಿಪಿ ದಾರಿತಪ್ಪಿಸುತ್ತದೆ.

ಸಾವಿರಾರು ಕಿಲೋಮೀಟರು ದೂರ ಸಾಗಿಬಂದು, ಬಿಸಿಲು ಮಳೆ ಸಿಡಿಲುಗಳನ್ನು ಸಹಿಸಿ, ತನ್ನ ಹುಟ್ಟಿನ ದಿಕ್ಕನ್ನು ಇಂದಿಗೂ ಸರಿಯಾಗಿ ಹೇಳಬಲ್ಲ ಕಲ್ಲಿನ ಮೇಲೆ ಮುಂಬಯಿ, ಪುಣೆ ನಗರಗಳು ನಿಂತಿವೆ. ಊರನ್ನು ಬಿಟ್ಟು ಇಲ್ಲಿ ನೆಲೆಸಿದ ಕನ್ನಡಿಗರು ದಿನವೂ ತುಳಿದು ನಡೆಯುವುದು ಆ ಕಲ್ಲನ್ನೇ. ಅದರ ನೆನಪನ್ನು ಕಾಪಾಡಿದ್ದು ಬಂಡೆಯ ಭಾರವಲ್ಲ, ಹಿರಿಯ ಹರಳುಗಳ ಹೊಳಪೂ ಅಲ್ಲ. ಒಳಗೆ ಒಡೆಯದೆ ಉಳಿದ ಚಿಕ್ಕ ಕಣಗಳು. ಘಟ್ಟದ ರಸ್ತೆಯ ಬದಿಯಲ್ಲಿ ಕಡಿದ ಬಂಡೆ ಕಂಡಾಗ ಅಥವಾ ರೈಲಿನ ಹಳಿಯ ಬಳಿ ಕರಿಜಲ್ಲಿಯ ರಾಶಿ ಕಂಡಾಗ, ಜೇಬಿನ ದಿಕ್ಸೂಚಿಯೊಂದನ್ನು ಅದರ ಹತ್ತಿರ ಹಿಡಿದು ನೋಡುವುದು ಮಕ್ಕಳಿಗೆ ಒಳ್ಳೆಯ ಪಾಠ. ಕೆಲವು ಕಲ್ಲುಗಳ ಬಳಿ ಮುಳ್ಳು ಸ್ವಲ್ಪ ಕದಲುತ್ತದೆ. ಕದಲಿಸಿದ ಆ ಕಲ್ಲು ಭೂಮಿಯ ಚರಿತ್ರೆಯ ಒಂದು ಪುಟ.